ಬೌಂಟಿ ಹಡಗು ಮುಳುಗಿದ್ದು ಯಾರ ತಪ್ಪಿನಿಂದ?

2024ರ ಆಗಸ್ಟ್ 19ರ ಬೆಳಗಿನ ಜಾವ ಇಟಲಿಯ ಸಿಸಿಲಿ ತೀರದಲ್ಲಿ ಬೇಸಿಯನ್ ಎಂಬ ಐಷಾರಾಮಿ ಹಾಯಿ ಹಡಗು ಮುಳುಗಿ ಏಳು ಜನ ಸತ್ತರು. ಸುದ್ದಿ ಬಂದ ದಿನದಿಂದಲೇ ಜನ ಕೇಳತೊಡಗಿದರು: ತಪ್ಪು ಕ್ಯಾಪ್ಟನ್‌ನದಾ, ಹಡಗು ಕಟ್ಟಿದವರದಾ, ಮಾಲೀಕರದಾ, ಅಥವಾ ಸುಮ್ನೆ ಗ್ರಹಚಾರವಾ? ತನಿಖೆ ಮುಗಿಯುವ ಮೊದಲೇ ಉತ್ತರ ಹೇಳಲು ಹೋದರೆ ಊಹೆಯಾಗುತ್ತದೆ. ಆದರೆ ತನಿಖೆ ಪೂರ್ತಿ ಮುಗಿದ, ವರದಿ ಹೊರಬಂದ ಒಂದು ಹಳೆಯ ಪ್ರಕರಣ ಇದೆ. ಅದನ್ನು ಬಿಡಿಸಿ ನೋಡಿದರೆ, ಹಡಗು ಮುಳುಗಿದಾಗ ಹೊಣೆ ಯಾರ ಯಾರ ಹೆಗಲಿಗೆ ಹೇಗೆ ಬರುತ್ತದೆ ಅನ್ನುವುದು ಅರ್ಥವಾಗುತ್ತದೆ.

ಅದು ಅಮೆರಿಕದ ಬೌಂಟಿ ಹಡಗಿನ ಕಥೆ.

ನಾಲ್ಕು ದಿನದಲ್ಲಿ ಆಗಿದ್ದು

ಹೆಸರು ಕೇಳಿದರೆ 1789ರಲ್ಲಿ ನಾವಿಕರು ದಂಗೆ ಎದ್ದ ಬ್ರಿಟಿಷ್ ಹಡಗು ನೆನಪಾಗಬಹುದು. ಇದು ಆ ಹಡಗಲ್ಲ, ಅದರ ಪ್ರತಿಕೃತಿ. ಹಾಲಿವುಡ್ ಸಿನಿಮಾವೊಂದಕ್ಕಾಗಿ 1960ರಲ್ಲಿ ಕೆನಡಾದ ಲೂನೆನ್‌ಬರ್ಗ್‌ನಲ್ಲಿ ಕಟ್ಟಿದ್ದು. ಕ್ಯಾಮೆರಾ ಇಡಲು ಜಾಗ ಬೇಕಲ್ಲ, ಹಾಗಾಗಿ ಮೂಲ ಹಡಗಿಗಿಂತ ದೊಡ್ಡದಾಗಿ ಮಾಡಿದರು. ಪೂರ್ತಿ ಮರದ ಮೈ, ಮೂರು ಕೂವೆಮರ, ಹೊಟ್ಟೆಯೊಳಗೆ ಡೀಸೆಲ್ ಎಂಜಿನ್. ಸಿನಿಮಾ ಮುಗಿದ ಮೇಲೆ ಅದು ಊರೂರಿನ ಬಂದರಿಗೆ ಹೋಗಿ ನಿಲ್ಲುತ್ತಿತ್ತು. ಜನ ಟಿಕೆಟ್ ತಗೊಂಡು ಹತ್ತಿ ನೋಡುತ್ತಿದ್ದರು.

2012ರ ಅಕ್ಟೋಬರ್ 25ರ ಸಂಜೆ ಈ ಹಡಗು ಕನೆಕ್ಟಿಕಟ್‌ನ ನ್ಯೂ ಲಂಡನ್ ಬಂದರಿನಿಂದ ಹೊರಟಿತು. ಹೋಗಬೇಕಿದ್ದದ್ದು ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ಗೆ. ಹಡಗಿನಲ್ಲಿದ್ದವರು ಒಟ್ಟು 16 ಮಂದಿ. ಕ್ಯಾಪ್ಟನ್ ರಾಬಿನ್ ವಾಲ್‌ಬ್ರಿಜ್, ವಯಸ್ಸು 63, ಇದೇ ಹಡಗನ್ನು 1995ರಿಂದ ನಡೆಸುತ್ತಿದ್ದವರು. ಆ ಹೊತ್ತಿಗೆ ಸ್ಯಾಂಡಿ ಚಂಡಮಾರುತ ಕೆರಿಬಿಯನ್ ದಾಟಿ ಉತ್ತರಕ್ಕೆ ಬರುತ್ತಿದ್ದದ್ದು ಟಿವಿ ನೋಡುವ ಎಲ್ಲರಿಗೂ ಗೊತ್ತಿತ್ತು.

28ರ ಹೊತ್ತಿಗೆ ಹಡಗಿನೊಳಗೆ ನೀರು ಏರತೊಡಗಿತು. ರಾತ್ರಿ ಕರೆಂಟ್ ಹೋಯಿತು. 29ರ ನಸುಕಿನಲ್ಲಿ, ಎಲ್ಲರೂ ಹಡಗು ಬಿಡಲು ಡೆಕ್ ಮೇಲೆ ಸೇರಿದ್ದಾಗ, ಹಡಗು ಒಮ್ಮೆಲೇ ಪಕ್ಕಕ್ಕೆ ಮಗುಚಿತು. ರಬ್ಬರ್ ದೋಣಿಗಳಿಗೆ ಸಾವಕಾಶವಾಗಿ ಇಳಿಯುವ ಯೋಜನೆ ಹಾಗೇ ಉಳಿಯಿತು. ಎಲ್ಲರೂ ಹಗ್ಗ, ಮರ, ಹಾಯಿಗಳ ನಡುವೆ ಕತ್ತಲ ನೀರಿಗೆ ಬಿದ್ದರು. ಉತ್ತರ ಕೆರೊಲಿನಾದ ಹ್ಯಾಟರಸ್ ಭೂಶಿರದಿಂದ ಸುಮಾರು 200 ಕಿ.ಮೀ. ದೂರದ ಕಡಲು ಅದು. ಅಮೆರಿಕದ ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್‌ಗಳು ಬಂದು 14 ಜನರನ್ನು ಎತ್ತಿಕೊಂಡವು. 42 ವರ್ಷದ ಮಹಿಳಾ ಸಿಬ್ಬಂದಿಯೊಬ್ಬರು ಸತ್ತರು. ಕ್ಯಾಪ್ಟನ್ ದೇಹ ಸಿಗಲೇ ಇಲ್ಲ.

ಮರದ ಹಡಗಿಗೆ ನೀರು ಬರುವುದು ಹೇಗೆ?

ಇಲ್ಲಿ ಸ್ವಲ್ಪ ನಿಧಾನಿಸೋಣ. ಹಡಗು ಮುಳುಗಿದ್ದು ಅಲೆ ಬಡಿದು ಒಡೆದದ್ದರಿಂದಲ್ಲ. ಒಳಗೆ ಬಂದ ನೀರನ್ನು ಹೊರಗೆ ಹಾಕಲು ಆಗದೆ ಹೋದದ್ದರಿಂದ.

ಮರದ ಹಡಗಿನ ಮೈ ಅಂದರೆ ಒಳಗೆ ಬಾಗಿದ ದಪ್ಪ ಮರಗಳ ಚೌಕಟ್ಟು, ಅದರ ಮೇಲೆ ಹೊರಗಿನಿಂದ ಬಡಿದ ಉದ್ದುದ್ದ ಹಲಗೆಗಳು. ಎರಡು ಹಲಗೆ ಎಷ್ಟೇ ಚೆನ್ನಾಗಿ ಕೂತರೂ ನಡುವೆ ಸಂದು ಇದ್ದೇ ಇರುತ್ತದೆ. ಆ ಸಂದಿಗೆ ಹತ್ತಿ, ನಾರು ತುಂಬಿ, ಉಳಿಯಂಥ ಉಪಕರಣದಿಂದ ಬಡಿದು, ಮೇಲೆ ಡಾಂಬರಿನಂಥ ಅಂಟು ಮೆತ್ತುತ್ತಾರೆ. ಇದಕ್ಕೆ ಕಾಲ್ಕಿಂಗ್ ಅನ್ನುತ್ತಾರೆ. ದೊಡ್ಡ ಅಲೆಯಲ್ಲಿ ಹಡಗಿನ ಮೈ ಬಾಗುತ್ತದೆ, ತಿರುಚುತ್ತದೆ. ಹಲಗೆ ಕೂದಲೆಳೆಯಷ್ಟು ಸರಿದರೂ ಸಂದಿಯಿಂದ ನೀರು ಒಸರುತ್ತದೆ. ಹಾಗಾಗಿ ಮರದ ಹಡಗು ಸ್ವಲ್ಪ ಸೋರುವುದು ಯಾರಿಗೂ ಆಶ್ಚರ್ಯದ ವಿಷಯವಲ್ಲ. ಒಸರಿದ ನೀರು ಹಡಗಿನ ತಳದಲ್ಲಿ ಸೇರುತ್ತದೆ. ಆ ತಳಕ್ಕೆ ಬಿಲ್ಜ್ ಅಂತ ಹೆಸರು. ಅಲ್ಲಿಂದ ಪಂಪ್ ಹಾಕಿ ಹೊರಗೆ ಎಸೆಯುತ್ತಾರೆ. ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದು ಜಾಸ್ತಿ ಇರುವವರೆಗೆ ಚಿಂತೆ ಇಲ್ಲ.

ಬೌಂಟಿಯಲ್ಲಿ ಈ ಲೆಕ್ಕದ ಎರಡೂ ಕಡೆ ಕೆಟ್ಟಿತ್ತು.

ಮೊದಲು ಒಳಗೆ ಬರುವ ನೀರು. ದುರಂತಕ್ಕೆ ಸ್ವಲ್ಪ ಮುಂಚೆ ಹಡಗು ಮೇಯ್ನ್ ರಾಜ್ಯದ ಒಂದು ಯಾರ್ಡ್‌ನಲ್ಲಿ ರಿಪೇರಿಗೆ ನಿಂತಿತ್ತು. ಹಲಗೆ ಬಿಚ್ಚಿದಾಗ ಒಳಗಿನ ಚೌಕಟ್ಟಿನ ಮರ ಕೆಲವು ಕಡೆ ಕೊಳೆತಿರುವುದು ಕಂಡಿತು. ಒಂದಷ್ಟನ್ನು ಬದಲಿಸಿದರು. ಉಳಿದದ್ದರ ಮೇಲೆ ಬಣ್ಣ ಬಳಿದು, ಆಮೇಲೆ ನೋಡೋಣ ಅಂತ ಮುಂದಕ್ಕೆ ಹಾಕಿದರು. ಕೆಲಸದ ಉಸ್ತುವಾರಿ ನೋಡಿದವರು ಮುಂದೆ ವಿಚಾರಣೆಯಲ್ಲಿ, ಬಿರುಗಾಳಿಯ ಕಡೆ ಹೋಗಬೇಡಿ ಅಂತ ಕ್ಯಾಪ್ಟನ್‌ಗೆ ಹೇಳಿದ್ದೆ ಎಂದರು. ಸಂದಿ ಮುಚ್ಚಲು ಬಳಸಿದ ಸಾಮಾನಿನ ವಿಷಯ ಇನ್ನೂ ವಿಚಿತ್ರ. ಕೆಲವು ಕಡೆ ಮನೆ ಕಿಟಕಿಗೆ ಗಾಜು ಕೂರಿಸುವಾಗ ಹಚ್ಚುವ ಪುಟ್ಟಿ ಬಳಸಿದ್ದರು. ಕಡಲ ಹಡಗಿಗೆಂದೇ ಸಿಗುವ ಅಂಟಿಗಿಂತ ಅದು ಅಗ್ಗ. ಕೆಲಸ ಮಾಡಿದವರಲ್ಲಿ ಹಡಗಿನ ಸಿಬ್ಬಂದಿಯೇ ಹೆಚ್ಚು. ಅವರಲ್ಲಿ ಹಲವರಿಗೆ ಕಾಲ್ಕಿಂಗ್ ಹೊಸ ಕೆಲಸ.

ಇನ್ನು ಹೊರಗೆ ಹೋಗುವ ನೀರು. ಪಂಪ್ ನಡೆಯಲು ಕರೆಂಟ್ ಬೇಕು. ಕರೆಂಟಿಗೆ ಜನರೇಟರ್ ಬೇಕು. ಜನರೇಟರಿಗೆ ಡೀಸೆಲ್ ಬೇಕು. ಈ ಸರಪಳಿಯ ಒಂದೊಂದು ಕೊಂಡಿಯೂ ಆ ರಾತ್ರಿ ಕಳಚಿತು. ಪಂಪ್‌ಗಳು ಮೊದಲಿನಷ್ಟು ನೀರು ಎಳೆಯುತ್ತಿಲ್ಲ ಅಂತ ಪ್ರಯಾಣದ ಮೊದಲ ದಿನಗಳಲ್ಲೇ ಸಿಬ್ಬಂದಿಗೆ ಅನಿಸಿತ್ತು. ತಳದಲ್ಲಿ ಮರದ ಚೂರು, ಕಸ ಓಡಾಡಿ ಪಂಪಿನ ಜಾಲರಿ ಕಟ್ಟಿಕೊಳ್ಳುತ್ತಿತ್ತು. ಹಡಗು ಹೊಯ್ದಾಡುವ ರಭಸಕ್ಕೆ ಡೀಸೆಲ್ ಟ್ಯಾಂಕಿನ ಮಟ್ಟ ತೋರಿಸುವ ಗಾಜಿನ ಕೊಳವೆ ಒಡೆಯಿತು. ಇಂಧನ ಸೋರಿ ಎಡಗಡೆಯ ಎಂಜಿನ್ ನಿಂತಿತು. ಜನರೇಟರಿನ ಫಿಲ್ಟರ್‌ಗಳೂ ಕಾಟ ಕೊಟ್ಟವು. ಎಂಜಿನಿಯರ್ ಹಡಗಿಗೆ ಹೊಸಬ, ಜತೆಗೆ ಕಡಲ ವಾಕರಿಕೆ. ಹೈಡ್ರಾಲಿಕ್‌ನಿಂದ ನಡೆಯುವ ಇನ್ನೊಂದು ಪಂಪ್ ಇತ್ತು, ಆದರೆ ಅದನ್ನು ನಡೆಸುವ ರೂಢಿ ಸಿಬ್ಬಂದಿಯಲ್ಲಿ ಎಲ್ಲರಿಗೂ ಇರಲಿಲ್ಲ. ತುರ್ತಿಗೆಂದು ಇಟ್ಟಿದ್ದ ಪೆಟ್ರೋಲ್ ಪಂಪ್ ಕೂಡ ಕೈಗೆ ಬರಲಿಲ್ಲ.

ನೀರು ಏರಿ ಎಂಜಿನ್ ಕೋಣೆ ತುಂಬಿದರೆ ಎಂಜಿನ್ ನಿಲ್ಲುತ್ತದೆ. ಎಂಜಿನ್ ನಿಂತರೆ ಪಂಪ್ ನಿಲ್ಲುತ್ತದೆ. ಪಂಪ್ ನಿಂತರೆ ನೀರು ಇನ್ನೂ ಬೇಗ ಏರುತ್ತದೆ. ಇಲ್ಲಿಗೆ ಬಂದ ಮೇಲೆ ಎಂಥ ನುರಿತ ಕ್ಯಾಪ್ಟನ್ ಇದ್ದರೂ ಮಾಡುವುದು ಹೆಚ್ಚೇನೂ ಉಳಿಯುವುದಿಲ್ಲ. ತನಿಖೆಗಾರರು ಅದಕ್ಕೇ ಆ ರಾತ್ರಿಗಿಂತ ಬಂದರಿನಲ್ಲಿದ್ದ ಸಂಜೆಯ ಕಡೆ ಹೆಚ್ಚು ನೋಡಿದರು.

ಗೊತ್ತಿದ್ದೂ ಹೊರಟಿದ್ದೇಕೆ?

ಹಡಗು ಬಂದರಿಗಿಂತ ಕಡಲಲ್ಲೇ ಹೆಚ್ಚು ಸುರಕ್ಷಿತ ಅನ್ನುವುದು ವಾಲ್‌ಬ್ರಿಜ್ ಅವರ ನಂಬಿಕೆ. ಕೇಳಿದರೆ ತಲೆಕೆಳಗಾದ ಮಾತು ಅನಿಸುತ್ತದೆ, ಆದರೆ ಪೂರ್ತಿ ಸುಳ್ಳಲ್ಲ. ಬಂದರಿನಲ್ಲಿ ಕಟ್ಟಿ ಹಾಕಿದ ಹಡಗು ಚಂಡಮಾರುತಕ್ಕೆ ಸಿಕ್ಕಿದರೆ ಧಕ್ಕೆಗೆ, ಅಂದರೆ ಹಡಗು ಕಟ್ಟುವ ಕಟ್ಟೆಗೆ, ಬಡಿದು ಬಡಿದು ಪುಡಿಯಾಗಬಹುದು. ಸ್ಯಾಂಡಿ ಬರುವ ಮುಂಚೆ ಅಮೆರಿಕದ ನೌಕಾಪಡೆಯೂ ವರ್ಜೀನಿಯಾದ ನಾರ್ಫೋಕ್‌ನಿಂದ ತನ್ನ ಹಡಗುಗಳನ್ನು ಕಡಲಿಗೆ ಕಳಿಸಿತ್ತು.

ವ್ಯತ್ಯಾಸ ಇರುವುದು ವೇಗದಲ್ಲಿ. ಯುದ್ಧನೌಕೆ ಬಿರುಗಾಳಿಯ ದಾರಿಯಿಂದ ಆಚೆ ಓಡಿ ಹೋಗಬಲ್ಲದು. ಬೌಂಟಿಯಂಥ ನಿಧಾನದ ಹಡಗಿಗೆ ಆ ಓಟ ಇಲ್ಲ. ಸ್ಯಾಂಡಿಯೋ ಸಾವಿರ ಕಿಲೋಮೀಟರಿಗೂ ಹೆಚ್ಚು ಅಗಲ ಹರಡಿಕೊಂಡ ಗಾಳಿ. ಅದನ್ನು ಸುತ್ತಿ ಹೋಗುವುದು ಅಂದರೆ ಎಷ್ಟು ಸುತ್ತಬೇಕು, ನೀವೇ ಅಂದಾಜು ಮಾಡಿ.

ಮೊದಲು ಕ್ಯಾಪ್ಟನ್ ಆಗ್ನೇಯ ದಿಕ್ಕಿಗೆ, ಅಂದರೆ ತೀರದಿಂದ ದೂರಕ್ಕೆ ಹೊರಟರು. 27ರಂದು ದಿಕ್ಕು ಬದಲಿಸಿ ನೈರುತ್ಯಕ್ಕೆ ತಿರುಗಿಸಿದರು. ಅಂದರೆ ಚಂಡಮಾರುತಕ್ಕೂ ಅಮೆರಿಕದ ನೆಲಕ್ಕೂ ನಡುವೆ ನುಗ್ಗಿ ಹೋಗುವ ದಾರಿ. ಇದರ ಹಿಂದೆ ನಾವಿಕರ ಹಳೆಯ ಲೆಕ್ಕವೊಂದಿದೆ. ಭೂಮಿಯ ಉತ್ತರಾರ್ಧದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಅದು ಸಾಗುವ ದಾರಿಯ ಬಲಗಡೆ ಗಾಳಿಯ ಜೋರು ಹೆಚ್ಚು, ಎಡಗಡೆ ಸ್ವಲ್ಪ ಕಡಿಮೆ. ಎಡಗಡೆ ಉಳಿದರೆ ಗಾಳಿ ಹಿಂದಿನಿಂದ ತಳ್ಳಿ ದಕ್ಷಿಣಕ್ಕೆ ಒಯ್ಯುತ್ತದೆ ಅನ್ನುವುದು ಆ ಲೆಕ್ಕ.

ಎರಡು ಸಂಗತಿ ಆ ಲೆಕ್ಕಕ್ಕೆ ವಿರುದ್ಧ ಇದ್ದವು. ಸ್ಯಾಂಡಿ ಎಡಕ್ಕೇ ತಿರುಗಿ ನೆಲದ ಕಡೆ ಬರುತ್ತದೆ ಅಂತ ಹವಾಮಾನ ಇಲಾಖೆ ಮೊದಲೇ ಹೇಳಿತ್ತು, ಅದು ಹಾಗೇ ತಿರುಗಿತು. ಇನ್ನೊಂದು ಗಲ್ಫ್ ಸ್ಟ್ರೀಮ್. ಅದು ಅಮೆರಿಕದ ಪೂರ್ವ ತೀರದ ಉದ್ದಕ್ಕೂ ಈಶಾನ್ಯಕ್ಕೆ ಹರಿಯುವ ಬೆಚ್ಚನೆಯ ಕಡಲ ಪ್ರವಾಹ. ನೀರು ಈಶಾನ್ಯಕ್ಕೆ ಹರಿಯುವಾಗ ಗಾಳಿ ಉತ್ತರದಿಂದ ಬೀಸಿದರೆ ಎರಡೂ ಎದುರುಬದುರಾಗುತ್ತವೆ. ಅಲೆಗಳು ಗಿಡ್ಡವಾಗದೆ ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ಬೌಂಟಿ ಸಿಕ್ಕಿಕೊಂಡಿದ್ದು ಅಂಥ ನೀರಿನಲ್ಲಿ. ಅಲೆಗಳ ಎತ್ತರ ಸುಮಾರು 30 ಅಡಿ. ಹಳೆಯ ಮರದ ಹಡಗಿನ ಸಂದು ಬಾಯಿ ಬಿಡಲು ಇದಕ್ಕಿಂತ ಬೇರೇನು ಬೇಕು?

ಹೊರಡುವ ಮೊದಲು ಕ್ಯಾಪ್ಟನ್ ಎಲ್ಲರನ್ನೂ ಡೆಕ್ ಮೇಲೆ ಕರೆದರು. ಬಿರುಗಾಳಿಯ ವಿಷಯ ಹೇಳಿದರು. ಇಳಿಯಬೇಕು ಅನಿಸಿದವರು ಇಳಿಯಬಹುದು, ಯಾರೂ ತಪ್ಪು ತಿಳಿಯುವುದಿಲ್ಲ ಎಂದರು. ಯಾರೂ ಇಳಿಯಲಿಲ್ಲ. ಇದನ್ನು ಒಪ್ಪಿಗೆ ಅಂತ ಲೆಕ್ಕಕ್ಕೆ ತಗೊಳ್ಳಬಹುದಾ? ನನಗೆ ಹಾಗನಿಸುವುದಿಲ್ಲ. ಸಿಬ್ಬಂದಿಯಲ್ಲಿ ಅನೇಕರು ಹಡಗಿಗೆ ಸೇರಿ ವರ್ಷ ತುಂಬಿರಲಿಲ್ಲ. 17 ವರ್ಷದಿಂದ ಅದೇ ಹಡಗು ನಡೆಸಿದ, ಎಲ್ಲರೂ ಗೌರವಿಸುವ ಮನುಷ್ಯ ಎದುರಿಗೆ ನಿಂತು ಹೋಗೋಣ ಅಂದಾಗ, ಕಡಲು ಅಷ್ಟಾಗಿ ಗೊತ್ತಿಲ್ಲದವರು ಯಾವ ಧೈರ್ಯದ ಮೇಲೆ ಬೇಡ ಅಂದಾರು? ಅಪಾಯವನ್ನು ಅಳೆಯಬಲ್ಲ ಚೀಫ್ ಮೇಟ್, ಅಂದರೆ ಕ್ಯಾಪ್ಟನ್ ನಂತರದ ಅಧಿಕಾರಿ, ತನ್ನ ಆತಂಕವನ್ನು ಕ್ಯಾಪ್ಟನ್ ಹತ್ತಿರ ಮೊದಲೇ ಹೇಳಿಕೊಂಡಿದ್ದರು. ನಿರ್ಧಾರ ಬದಲಾಗಲಿಲ್ಲ.

ಬಿಳಿ ಬೋರ್ಡ್ ಹಡಗು

ಇಷ್ಟು ಹಳೆಯ ಹಡಗನ್ನು ಸರ್ಕಾರ ತಪಾಸಣೆ ಮಾಡುತ್ತಿರಲಿಲ್ಲವಾ ಅಂತ ಕೇಳಬಹುದು. ಉತ್ತರ: ಮಾಡುತ್ತಿತ್ತು, ಧಕ್ಕೆಗೆ ಕಟ್ಟಿ ನಿಲ್ಲಿಸಿದಾಗ.

ನಮ್ಮಲ್ಲಿ ಹಳದಿ ಬೋರ್ಡ್ ಟ್ಯಾಕ್ಸಿ ಮತ್ತು ಬಿಳಿ ಬೋರ್ಡ್ ಕಾರು ಇದೆಯಲ್ಲ, ಹಾಗೆ ಯೋಚಿಸಿ. ಬಾಡಿಗೆಗೆ ಜನರನ್ನು ಕೂರಿಸುವ ಗಾಡಿಗೆ ಎಫ್‌ಸಿ ಮಾಡಿಸಬೇಕು, ಬ್ರೇಕು ಟೈರು ತೋರಿಸಬೇಕು. ಸ್ವಂತದ ಕಾರಿಗೆ ಅಷ್ಟು ಬಿಗಿ ಇಲ್ಲ. ಬೌಂಟಿ ಬಂದರಿನಲ್ಲಿ ನಿಂತು ಟಿಕೆಟ್ ಕೊಟ್ಟು ಜನರನ್ನು ಹತ್ತಿಸಿದಾಗ ಅದು 'ನಿಂತಲ್ಲೇ ನೋಡುವ ಆಕರ್ಷಣೆ' ಅನ್ನುವ ವರ್ಗಕ್ಕೆ ಸೇರುತ್ತಿತ್ತು. ಆಗ ಕೋಸ್ಟ್ ಗಾರ್ಡ್ ಬಂದು ನೋಡುತ್ತಿತ್ತು. ಆದರೆ ನೋಡುವುದು ಏನನ್ನು? ನಿಂತ ಹಡಗಿನಲ್ಲಿ ಜನ ಎಡವದೆ, ಬೆಂಕಿ ಬೀಳದೆ ಓಡಾಡಬಹುದೇ ಅನ್ನುವುದನ್ನು. ಹಗ್ಗ ಬಿಚ್ಚಿ ಕಡಲಿಗೆ ಹೊರಟ ಕೂಡಲೇ ಅದೇ ಹಡಗು ಖಾಸಗಿ ಮೋಜಿನ ಹಡಗಾಗುತ್ತಿತ್ತು. ಪ್ರಯಾಣಿಕರಿಂದ ದುಡ್ಡು ತಗೊಂಡು ಕಡಲಲ್ಲಿ ಒಯ್ಯುವಂತಿರಲಿಲ್ಲ, ಅದಕ್ಕೆ ಪ್ರತಿಯಾಗಿ ಪ್ರಯಾಣಿಕ ಹಡಗಿನ ತಪಾಸಣೆಯೂ ಇರಲಿಲ್ಲ. ಹೀಗೆ, ಹೆಚ್ಚು ಅಪಾಯ ಇರುವ ಹೊತ್ತಿಗೇ ಕಾನೂನಿನ ಕಣ್ಣು ಕಡಿಮೆ. ಇದರಲ್ಲಿ ಯಾರೂ ಕಾಗದ ತಿದ್ದಿರಲಿಲ್ಲ. ನಿಯಮಗಳ ನಡುವೆ ಆ ಜಾಗ ಖಾಲಿ ಇತ್ತು, ಅಷ್ಟೇ.

ಕ್ಯಾಪ್ಟನ್ ಮೇಲೆ ಯಾರು?

ಕಡಲಲ್ಲಿ ಕ್ಯಾಪ್ಟನ್ ಮಾತೇ ಕೊನೆ. ಇದು ಬರೀ ಸಂಪ್ರದಾಯವಲ್ಲ, ಕಾನೂನೂ ಹೌದು. ಸಮಯಕ್ಕೆ ತಲುಪಲೇಬೇಕು ಅಂತ ಮಾಲೀಕ ಒತ್ತಾಯಿಸಿದರೂ ಅಪಾಯ ಇದ್ದರೆ ಆಗಲ್ಲ ಅನ್ನುವ ಹಕ್ಕು ಕ್ಯಾಪ್ಟನ್‌ಗೆ ಇರಬೇಕು ಅನ್ನುವುದು ಇದರ ಉದ್ದೇಶ. ಆದರೆ ಕ್ಯಾಪ್ಟನ್ ತಾನೇ ಅಪಾಯದ ಕಡೆ ಹೊರಟರೆ? ಆಗ ಬೇಡ ಅನ್ನುವವರು ಯಾರು?

ದೊಡ್ಡ ವ್ಯಾಪಾರಿ ಹಡಗುಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದ್ದಾರೆ. 1987ರಲ್ಲಿ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ಬ್ರಿಟಿಷ್ ಫೆರಿ ಮುಂಬಾಗಿಲು ಮುಚ್ಚದೆ ಹೊರಟು ಬೆಲ್ಜಿಯಂ ತೀರದಲ್ಲಿ ಮಗುಚಿ 193 ಜನ ಸತ್ತರು. ಬಾಗಿಲು ಮುಚ್ಚದೆ ಮಲಗಿದ್ದ ಒಬ್ಬ ಕೆಲಸಗಾರನ ಮೇಲೆ ಎಲ್ಲ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ತನಿಖೆ ಕಂಪನಿಯ ಆಡಳಿತದವರೆಗೂ ಹೋಯಿತು. ಅಂಥ ದುರಂತಗಳ ಬೆನ್ನಿಗೆ ಐಎಸ್‌ಎಂ ಕೋಡ್ ಎಂಬ ಅಂತರರಾಷ್ಟ್ರೀಯ ನಿಯಮ ಬಂದು, 1998ರಿಂದ ಹಂತ ಹಂತವಾಗಿ ಕಡ್ಡಾಯವಾಯಿತು. ಅದರ ಪ್ರಕಾರ ಕಂಪನಿಗೆ ಬರಹದಲ್ಲಿ ಸುರಕ್ಷತಾ ವ್ಯವಸ್ಥೆ ಇರಬೇಕು. ಯಾವ ಸ್ಥಿತಿಯಲ್ಲಿ ಹೊರಡಬಾರದು, ಪಂಪ್ ಕೆಟ್ಟರೆ ಏನು ಮಾಡಬೇಕು, ಹೊಸಬರಿಗೆ ಏನು ಕಲಿಸಬೇಕು, ಎಲ್ಲ ಅದರಲ್ಲಿ ಬರುತ್ತದೆ. ದಡದಲ್ಲಿ ಒಬ್ಬ ವ್ಯಕ್ತಿಯನ್ನು ಇದಕ್ಕೆಂದೇ ನೇಮಿಸಬೇಕು. ಹಡಗಿನ ಕೆಳಗಿನ ಸಿಬ್ಬಂದಿಯೂ ನೇರವಾಗಿ ಅವರಿಗೆ ಫೋನ್ ಮಾಡಬಹುದು, ಅವರು ನೇರವಾಗಿ ಕಂಪನಿಯ ಮೇಲಿನವರ ಹತ್ತಿರ ಹೋಗಬಹುದು.

ಬೌಂಟಿಗೆ ಈ ನಿಯಮ ಅನ್ವಯವಾಗುತ್ತಿರಲಿಲ್ಲ. ಹಡಗಿನ ಸಂಸ್ಥೆ ಚಿಕ್ಕದು. ದಡದಲ್ಲಿದ್ದವರು ಕ್ಯಾಪ್ಟನ್ ಮೇಲೆಯೇ ಭಾರ ಹಾಕಿದ್ದರು. ಚೀಫ್ ಮೇಟ್ ಆತಂಕಕ್ಕೆ ಕಿವಿ ಕೊಡಲು ಕ್ಯಾಪ್ಟನ್ ಬಿಟ್ಟರೆ ಬೇರೆ ಕಿವಿ ಇರಲಿಲ್ಲ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಬೇರೆಯದೇ ಒಂದು ಉಪಾಯ ಇದೆ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟ್ ಹೊತ್ತು ಹೋಗುವ ಮಂಜಿಗಳನ್ನು ನೋಡಿರುತ್ತೀರಿ. ಈಗ ಅವಕ್ಕೂ ಎಂಜಿನ್ ಇದೆ, ಆದರೂ ಸರ್ಕಾರಿ ಕಾಗದದಲ್ಲಿ ಅವು ಹಾಯಿ ಹಡಗುಗಳೇ. ಮಳೆಗಾಲದಲ್ಲಿ, ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಅವು ಕಡಲಿಗೆ ಇಳಿಯುವಂತಿಲ್ಲ. ಹೋಗಬೇಕೋ ಬೇಡವೋ ಅನ್ನುವುದನ್ನು ಆ ನಾಲ್ಕು ತಿಂಗಳು ತಂಡೇಲನ, ಅಂದರೆ ಮಂಜಿ ನಡೆಸುವವನ, ಧೈರ್ಯಕ್ಕೆ ಬಿಡುವುದೇ ಇಲ್ಲ. ಇದರಿಂದ ಎಲ್ಲ ಅಪಾಯ ತಪ್ಪುತ್ತದೆ ಅಂತಲ್ಲ. 2025ರ ಮೇ ತಿಂಗಳಲ್ಲಿ, ಬಂದ್ ಆಗುವ ಹೊತ್ತಿನಲ್ಲೇ, ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಹೊರಟ ಸಲಾಮತ್ ಎಂಬ ಹಡಗು ನೀರು ನುಗ್ಗಿ ಮುಳುಗಿತು. ಅದರಲ್ಲಿದ್ದ ಆರು ಜನರನ್ನು ಭಾರತೀಯ ಕೋಸ್ಟ್ ಗಾರ್ಡ್ ರಕ್ಷಿಸಿತು.

ತನಿಖೆ ಬೇರೆ, ಕೋರ್ಟ್ ಬೇರೆ

ಬೌಂಟಿ ಬಗ್ಗೆ ಎರಡು ತನಿಖೆ ನಡೆದವು. ಒಂದು ಎನ್‌ಟಿಎಸ್‌ಬಿಯದು. ವಿಮಾನ, ರೈಲು, ಹಡಗು ಅಪಘಾತಗಳ ಕಾರಣ ಹುಡುಕುವ ಅಮೆರಿಕದ ಸ್ವತಂತ್ರ ಸಂಸ್ಥೆ ಅದು. ಇನ್ನೊಂದು ಕೋಸ್ಟ್ ಗಾರ್ಡ್‌ನದು. ಎರಡರ ವರದಿಯೂ 2014ರಲ್ಲಿ ಬಂದವು.

ಎನ್‌ಟಿಎಸ್‌ಬಿ ಮುಖ್ಯ ಕಾರಣ ಅಂತ ಹೇಳಿದ್ದು ಇದು: ಸ್ಯಾಂಡಿ ಎಲ್ಲಿಗೆ ಬರುತ್ತದೆ ಅನ್ನುವ ಮುನ್ಸೂಚನೆ ಸ್ಪಷ್ಟವಾಗಿದ್ದರೂ ಕ್ಯಾಪ್ಟನ್ ದುಡುಕಿ, ವಯಸ್ಸಾದ ಹಡಗು ಮತ್ತು ಅನುಭವ ಸಾಲದ ಸಿಬ್ಬಂದಿಯನ್ನು ಅದರ ದಾರಿಗೆ ಒಯ್ದರು. ಅದರ ಜತೆಗೆ ಇನ್ನೊಂದು ಕಾರಣ ಸೇರಿಸಿತು: ಹಡಗಿನ ಸಂಸ್ಥೆ ಸುರಕ್ಷತೆಯ ಮೇಲೆ ಸರಿಯಾಗಿ ನಿಗಾ ಇಡಲಿಲ್ಲ. ಈ ಎರಡನೇ ಸಾಲನ್ನು ಪತ್ರಿಕೆಗಳು ಅಷ್ಟು ದೊಡ್ಡದಾಗಿ ಬರೆಯಲಿಲ್ಲ. ಸತ್ತ ಕ್ಯಾಪ್ಟನ್ ಕಥೆಯಲ್ಲಿ ನಾಟಕ ಇದೆ, ಕಂಪನಿಯ ಕಡತದಲ್ಲಿ ಏನಿದೆ! ಹಡಗು ಬಿಡುವ ಆದೇಶ ತೀರಾ ತಡವಾಯಿತು ಅಂತಲೂ ತನಿಖೆಯಲ್ಲಿ ಕಂಡುಬಂತು. ಚೀಫ್ ಮೇಟ್ ಅದನ್ನು ಮೊದಲೇ ಸೂಚಿಸಿದ್ದರು. ಹಡಗು ಇನ್ನೂ ನೆಟ್ಟಗಿದ್ದಾಗಲೇ ರಬ್ಬರ್ ದೋಣಿಗೆ ಇಳಿದಿದ್ದರೆ ಹಗ್ಗಗಳ ಜಾಲದಲ್ಲಿ ಬೀಳುವುದು ತಪ್ಪುತ್ತಿತ್ತು.

ಆದರೆ ಎನ್‌ಟಿಎಸ್‌ಬಿ ವರದಿ ತೀರ್ಪಲ್ಲ. ಯಾರಿಗೂ ಶಿಕ್ಷೆ ಕೊಡುವ ಅಧಿಕಾರ ಅದಕ್ಕಿಲ್ಲ. ಅದರ ತೀರ್ಮಾನವನ್ನು ಪರಿಹಾರದ ದಾವೆಯಲ್ಲಿ ಸಾಕ್ಷಿಯಾಗಿ ಬಳಸುವಂತೆಯೂ ಇಲ್ಲ. ಜನ ಹೆದರದೆ ನಿಜ ಹೇಳಲಿ, ಮುಂದಿನ ಅಪಘಾತ ತಪ್ಪಲಿ ಅಂತ ಈ ಏರ್ಪಾಡು. ದುಡ್ಡಿನ ಹೊಣೆ ತೀರ್ಮಾನವಾಗುವುದು ಕೋರ್ಟಿನಲ್ಲಿ. ಸತ್ತ ಸಿಬ್ಬಂದಿಯ ಕುಟುಂಬದವರು ಹಡಗಿನ ಸಂಸ್ಥೆಯ ಮೇಲೆ ಕೇಸು ಹಾಕಿದರು.

ಕೋರ್ಟಿನಲ್ಲಿ 1851ರಷ್ಟು ಹಳೆಯ ಕಾನೂನೊಂದು ಎದುರಾಗುತ್ತದೆ. ಅಮೆರಿಕದಲ್ಲಿ ಹಡಗು ಅಪಘಾತವಾದರೆ, ಮಾಲೀಕ ತನ್ನ ಹೊಣೆಯನ್ನು ಪ್ರಯಾಣದ ಕೊನೆಗೆ ಹಡಗಿಗೆ ಉಳಿದಿರುವ ಬೆಲೆಯಷ್ಟಕ್ಕೆ ಮಿತಿಗೊಳಿಸಿ ಅಂತ ಕೇಳಬಹುದು. ಮುಳುಗಿದ ಹಡಗಿನ ಬೆಲೆ ಎಷ್ಟು? ಹೆಚ್ಚುಕಡಿಮೆ ಸೊನ್ನೆ. ಸಾವು ನೋವಿನ ವಿಷಯದಲ್ಲಿ ಒಂದಿಷ್ಟು ವಿನಾಯಿತಿಗಳನ್ನು ಆಮೇಲೆ ಸೇರಿಸಿದರೂ ಕಾನೂನಿನ ಬೆನ್ನೆಲುಬು ಹಾಗೇ ಇದೆ. ಆದರೆ ಒಂದು ಷರತ್ತು: ತಪ್ಪು ಆಗಿದ್ದು ಮಾಲೀಕನಿಗೆ ಗೊತ್ತಿಲ್ಲದೆ ಆಗಿರಬೇಕು. ಮರ ಕೊಳೆತಿದ್ದು ಗೊತ್ತಿತ್ತಾ, ಅಗ್ಗದ ಪುಟ್ಟಿ ಬಳಸಿದ್ದು ಗೊತ್ತಿತ್ತಾ, ಬಿರುಗಾಳಿಯ ಎದುರು ಹೊರಟಿದ್ದು ಗೊತ್ತಿತ್ತಾ? ಇಂಥ ಪ್ರಶ್ನೆಗಳ ಮೇಲೆ ಎಲ್ಲ ನಿಂತಿರುತ್ತದೆ.

ಕೋರ್ಟಿನದಲ್ಲ, ಕೋಸ್ಟ್ ಗಾರ್ಡ್ ತನಿಖೆಯ ವಿಚಾರಣೆ 2013ರ ಫೆಬ್ರವರಿಯಲ್ಲಿ ವರ್ಜೀನಿಯಾದ ಪೋರ್ಟ್ಸ್‌ಮೌತ್‌ನಲ್ಲಿ ನಡೆಯಿತು. ಬದುಕಿ ಉಳಿದವರು, ಯಾರ್ಡ್‌ನವರು ಎಲ್ಲ ಬಂದು ಹೇಳಿಕೆ ಕೊಟ್ಟರು. ಹಡಗಿನ ಮಾಲೀಕರು ಮಾತ್ರ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳದಿರಲು ಅಮೆರಿಕದ ಸಂವಿಧಾನ ಕೊಟ್ಟ ಹಕ್ಕನ್ನು ಬಳಸಿ ಸಾಕ್ಷ್ಯ ನುಡಿಯಲಿಲ್ಲ.